ಫ್ರೀಮನ್ ದಂಪತಿ ನನಗೇನಾಗಬೇಕು?

ಡೇನಿಯಲ್ ಫ್ರೀಮನ್ ಮತ್ತು ಆಗ್ನೆಸ್ ಫ್ರೀಮನ್ ನನಗೇನಾಗಬೇಕು ಎಂದು ಕೇಳುವವರಿಗೆಲ್ಲ ಇಲ್ಲಿ ಒಮ್ಮೆ ಬರೆದು ಮುಗಿಸುತ್ತೇನೆ: ಏನೂ ಆಗಬೇಕಿಲ್ಲ. ಅವರು ನನ್ನ ತವರಿನ ಕಡೆಯವರಲ್ಲ, ಗಂಡನ ಕಡೆಯವರೂ ಅಲ್ಲ. ಕನ್ನಡದ ಹೆಂಗಸೊಬ್ಬಳು ಅಮೆರಿಕದ ನೆಬ್ರಾಸ್ಕಾದಲ್ಲಿ ಕುಳಿತು ನೂರೈವತ್ತು ವರ್ಷ ಹಿಂದಿನ ಒಕ್ಕಲು ಕುಟುಂಬವೊಂದರ ಕಾಗದಪತ್ರಗಳನ್ನು ಓದುತ್ತಾಳೆಂದರೆ ಅದಕ್ಕೊಂದು ರಕ್ತಸಂಬಂಧ ಇರಲೇಬೇಕು ಎಂದು ಜನ ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ನಾನು ಬದುಕುತ್ತಿರುವ ನೆಲ ಯಾರಿಂದ ಯಾರಿಗೆ ಹೇಗೆ ಬಂತು ಎಂದು ತಿಳಿಯಲು ಆ ನೆಲದಲ್ಲಿ ವಾಸವಾಗಿರುವುದೇ ಸಾಕಾದ ಕಾರಣ.

ಹೋಮ್‌ಸ್ಟೆಡ್ ಕಾಯ್ದೆಗೆ ಅಧ್ಯಕ್ಷ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದರು. 1863ರ ಜನವರಿ 1ರಂದು ಅದು ಜಾರಿಗೆ ಬಂತು. ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆಯವರೆಗೆ ಸರ್ಕಾರಿ ಜಮೀನು ಸಿಗುತ್ತಿತ್ತು. ಜಾರಿಯಾದ ದಿನವೇ ಬ್ರೌನ್‌ವಿಲ್‌ನ ಭೂದಾಖಲೆ ಕಚೇರಿಯಲ್ಲಿ ಒಂದನೇ ನಂಬರಿನ ಅರ್ಜಿ ಹಾಕಿದವನು ಡೇನಿಯಲ್. ಜಮೀನು ಬಿಯಾಟ್ರಿಸ್ ಪಟ್ಟಣದ ಬಳಿ, ಕಬ್ ಕ್ರೀಕ್ ಹಳ್ಳದ ದಂಡೆಯಲ್ಲಿತ್ತು. ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿರುವುದರಿಂದ ಅವನ ಹೆಸರು ಪಠ್ಯಪುಸ್ತಕಗಳಿಗೂ ಏರಿದೆ.

ಇಲ್ಲಿನ ಕನ್ನಡ ಬಳಗದ ದೀಪಾವಳಿ ಊಟದಲ್ಲಿ ಮಹನೀಯರೊಬ್ಬರು ನನ್ನ ಮಾತು ಮುಗಿಯುವ ಮೊದಲೇ ಮೊಬೈಲಿನಲ್ಲಿ ಆ ಹೆಸರು ಹುಡುಕಿ, "ನೋಡಿಯಮ್ಮಾ, ಪೂರ್ತಿ ವಂಶವೃಕ್ಷ ಇಲ್ಲೇ ಇದೆ. ಇದಕ್ಕೆ ನೀವು ಕಚೇರಿ ಕಚೇರಿ ಅಲೆಯಬೇಕೇ?" ಎಂದರು. ಸುತ್ತಲಿದ್ದವರು ನಕ್ಕರು. ನಾನು ಆ ವೃಕ್ಷವನ್ನು ತೆಗೆದುಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದೆ; ಒಂದೇ ಒಂದು ಹೆಸರಿನ ಪಕ್ಕದಲ್ಲೂ ಯಾವ ದಾಖಲೆಯ ಉಲ್ಲೇಖವೂ ಇರಲಿಲ್ಲ. ಯಾರೋ ಬರೆದದ್ದನ್ನು ಇನ್ನಾರೋ ನಕಲಿಸಿ, ಅದನ್ನು ಮತ್ತೊಬ್ಬರು ನಕಲಿಸಿದ ಮಾತ್ರಕ್ಕೆ ಅದು ಚರಿತ್ರೆಯಾಗುವುದಿಲ್ಲ. ಅದೇ ಮಹನೀಯರು ಊರಿನಲ್ಲಿ ಒಂದು ನಿವೇಶನ ಕೊಳ್ಳುವಾಗ ಮೂಲಪತ್ರ, ಋಣಭಾರ ಪತ್ರ, ಚಕ್ಕುಬಂದಿ ಎಲ್ಲವನ್ನೂ ಪರಿಶೀಲಿಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡುವವರಲ್ಲ. ನೆಲಕ್ಕೆ ಅಷ್ಟು ಪುರಾವೆ ಬೇಕಾದರೆ ಮನುಷ್ಯರಿಗೆ ಏಕೆ ಬೇಡ?

ಪುರಾವೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಐದು ವರ್ಷ ತುಂಬಿದ ಮೇಲೆ, 1868ರ ಜನವರಿಯಲ್ಲಿ, ಡೇನಿಯಲ್ ಪರವಾಗಿ ಇಬ್ಬರು ನೆರೆಯವರು ಪ್ರಮಾಣ ಮಾಡಿ ಸಾಕ್ಷಿ ನುಡಿದರು. ಆ ಕಾಗದವನ್ನು ರಾಷ್ಟ್ರೀಯ ಪತ್ರಾಗಾರ ಕಾಪಾಡಿಕೊಂಡು ಬಂದಿದೆ. ಅರ್ಧ ಮರದ ದಿಮ್ಮಿ, ಅರ್ಧ ಹಲಗೆ ಚೌಕಟ್ಟಿನ, 14 ಅಡಿಗೆ 20 ಅಡಿಯ ಒಂದಂತಸ್ತಿನ ಮನೆ; ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ; ಉತ್ತು ಬೇಲಿ ಹಾಕಿದ ಸುಮಾರು 35 ಎಕರೆ; ಲಾಯ, ನೂರು ಅಡಿ ಉದ್ದದ ಕುರಿ ದೊಡ್ಡಿ, ಮೆಕ್ಕೆಜೋಳದ ಕಣಜ; 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಕಿಟಕಿಗಳನ್ನೂ ಗಿಡಗಳನ್ನೂ ಎಣಿಸಿ ಬರೆದ ಆ ಸಾಕ್ಷ್ಯದಲ್ಲಿ ಮನೆಯವರ ಬಗ್ಗೆ ಇರುವುದು ಇಷ್ಟೇ: "ಹೆಂಡತಿ ಮತ್ತು ಇಬ್ಬರು ಮಕ್ಕಳು." ಹೆಸರಿಲ್ಲ.

ಆದ್ದರಿಂದ ನನ್ನನ್ನು ಯಾರಾದರೂ ಏನಾದರೂ ಕೇಳುವುದಿದ್ದರೆ, ಆಗ್ನೆಸ್‌ಳನ್ನು ಹುಡುಕುವುದು ಹೇಗೆ ಎಂದು ಕೇಳಲಿ ಎಂಬುದು ನನ್ನ ಆಸೆ. ಈ ಕಾಯ್ದೆಯಡಿ ಅವಿವಾಹಿತೆಯರೂ ವಿಧವೆಯರೂ ತಮ್ಮ ಹೆಸರಿನಲ್ಲೇ ಜಮೀನು ಕೇಳಬಹುದಿತ್ತು. ಮದುವೆಯಾದ ಹೆಣ್ಣಿಗೆ ಸಾಮಾನ್ಯವಾಗಿ ಆ ಅವಕಾಶವಿರಲಿಲ್ಲ. ಹೀಗಾಗಿ ಅವಳಿಗಾಗಿ ಭೂದಾಖಲೆಯನ್ನು ಬಿಟ್ಟು ಅವಳ ತವರಿಗೆ, ಮಿಸ್ಸಿಸಿಪ್ಪಿ ನದಿಯ ಮೇಲಿನ ಅಯೋವಾದ ಲೆ ಕ್ಲೇರ್‌ಗೆ ಹೋಗಬೇಕು. ಅವಳ ತವರಿನ ಹೆಸರು ಸೂಟರ್. ಅವಳಿಗೆ ನಿಶ್ಚಯವಾಗಿದ್ದದ್ದು ಡೇನಿಯಲ್‌ನ ಸಹೋದರ ಜೇಮ್ಸ್‌ನ ಜೊತೆ. ಅವನು ಅಂತರ್ಯುದ್ಧದಲ್ಲಿ ತೀರಿಕೊಂಡ. ಆನಂತರ ಡೇನಿಯಲ್ ಅವಳಿಗೆ ಪತ್ರ ಬರೆಯತೊಡಗಿ, ಪತ್ರಗಳಲ್ಲೇ ಸಂಬಂಧ ಕುದುರಿ, 1865ರಲ್ಲಿ ಮದುವೆಯಾಯಿತು. ಎಂದರೆ ಒಂದನೇ ನಂಬರಿನ ಅರ್ಜಿ ಬಿದ್ದ ದಿನ ಆಗ್ನೆಸ್ ಆ ಕಥೆಯಲ್ಲಿ ಇರಲೇ ಇಲ್ಲ. ಆದರೂ ಡೇನಿಯಲ್ 1908ರಲ್ಲಿ ತೀರಿಕೊಂಡ ಮೇಲೆ 1931ರವರೆಗೆ ಬಾಳಿದವಳು ಅವಳೇ.

ಇಂಥ ಹೆಂಗಸರನ್ನು ಹಿಡಿಯಲು ಜನಗಣತಿಯೇ ಮುಖ್ಯ ಆಸರೆ, ಮತ್ತು ಯಾವ ವರ್ಷ ಸರ್ಕಾರ ಏನು ಕೇಳಿತು ಎಂಬುದು ತಿಳಿಯದಿದ್ದರೆ ಅದರಿಂದ ಏನೂ ಹೊರಡುವುದಿಲ್ಲ. 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನರ ಹೆಸರು ಮಾತ್ರ ಇದೆ. 1850ರಿಂದ ಗುಲಾಮರಲ್ಲದ ಪ್ರತಿಯೊಬ್ಬರ ಹೆಸರೂ ಸಿಗುತ್ತದೆ. ಯಜಮಾನನಿಗೆ ಯಾರು ಏನಾಗಬೇಕೆಂದು ಬರೆಯತೊಡಗಿದ್ದು 1880ರಲ್ಲಿ. 1890ರ ಗಣತಿಯ ಬಹುಭಾಗ ವಾಷಿಂಗ್ಟನ್ನಿನಲ್ಲಿ 1921ರ ಬೆಂಕಿಯ ನಂತರ ನಾಶವಾಯಿತು. 1880ರಿಂದ 1900ರವರೆಗಿನ ಆ ಇಪ್ಪತ್ತು ವರ್ಷಗಳ ಕಂದರದಲ್ಲಿ ಹುಟ್ಟಿ, ಮದುವೆಯಾಗಿ ಮನೆ ಬಿಟ್ಟುಹೋದ ಹೆಣ್ಣುಮಕ್ಕಳನ್ನು ಚರ್ಚಿನ ಪುಸ್ತಕ, ಕೌಂಟಿಯ ಮದುವೆ ದಾಖಲೆ, ಊರಿನ ಪತ್ರಿಕೆಗಳಲ್ಲಿ ಒಬ್ಬೊಬ್ಬರಾಗಿ ಹುಡುಕಬೇಕಾಗುತ್ತದೆ. 1900ರಲ್ಲಿ ಗಣತಿಯವರು ತಾಯಂದಿರಿಗೆ ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಬದುಕಿವೆ ಎಂದು ಕೇಳಿದರು. ಆ ಎರಡು ಅಂಕಣಗಳ ನಡುವಿನ ವ್ಯತ್ಯಾಸವನ್ನು ಓದುವಾಗ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಬೇರೆಲ್ಲೂ ಹೆಸರು ಉಳಿಯದ ಎಷ್ಟೋ ಕೂಸುಗಳಿಗೆ ಆ ಅಂಕೆಯೊಂದೇ ಗುರುತು.

ಆ 1868ರ ಸಾಕ್ಷ್ಯಕ್ಕೆ ಸಂಬಂಧಿಸಿದ ಇನ್ನೊಂದು ಮಾತನ್ನೂ ನನ್ನನ್ನು ಯಾರೂ ಕೇಳಿಲ್ಲ. ಹೋಮ್‌ಸ್ಟೆಡ್ ಹಕ್ಕುಳ್ಳ ಬೇರಾರೂ ಆ ಜಮೀನಿನಲ್ಲಿ ವಾಸವಾಗಿಲ್ಲ ಎಂದು ಆ ಇಬ್ಬರು ಪ್ರಮಾಣ ಮಾಡಿದ್ದರು. ಕಾನೂನಿನ ಪ್ರಕಾರ ಅದು ಸರಿ. ಆದರೆ ಆ ಸೀಮೆಯ ಮೂಲನಿವಾಸಿಗಳಾದ ಓಟೋ-ಮಿಸ್ಸೂರಿಯಾ ಜನ 1854ರ ಒಪ್ಪಂದದಲ್ಲಿ ತಮ್ಮ ನೆಲವನ್ನು ಬಿಟ್ಟುಕೊಟ್ಟು, ಬಿಯಾಟ್ರಿಸ್ ಪಕ್ಕದಲ್ಲಿ ಹರಿಯುವ ಬಿಗ್ ಬ್ಲೂ ನದಿಯ ಕೆಳಭಾಗದಲ್ಲಿ, ಕ್ಯಾನ್ಸಸ್ ಗಡಿಯ ಮೀಸಲು ಪ್ರದೇಶದಲ್ಲಿ ಬದುಕುತ್ತಿದ್ದರು. ಫ್ರೀಮನ್ನರ ಪೀಚ್ ಗಿಡಗಳು ಬೆಳೆಯುತ್ತಿದ್ದಾಗ ಅವರೂ ಅದೇ ಸೀಮೆಯ ಒಕ್ಕಲುಗಳೇ. 1881ರಲ್ಲಿ ಅವರನ್ನು ಈಗಿನ ಓಕ್ಲಹೋಮಕ್ಕೆ ಸಾಗಿಸಲಾಯಿತು. 1885ರಿಂದ ಸರ್ಕಾರ ಮೀಸಲು ಪ್ರದೇಶಗಳಲ್ಲಿ ಬರೆಸಿದ ಗಣತಿ ಪಟ್ಟಿಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಹೆಸರು, ವಯಸ್ಸು, ಮನೆಯೊಳಗಿನ ಸಂಬಂಧ ಎಲ್ಲವೂ ಇವೆ. ಫ್ರೀಮನ್ ದಂಪತಿಯ ಕಡತದ ಪಕ್ಕದಲ್ಲಿಟ್ಟುಕೊಂಡು ನಾನೀಗ ಓದುತ್ತಿರುವುದು ಆ ಪಟ್ಟಿಗಳನ್ನು.