ತಿಂಗಳ ಬಿಲ್ಲು, ವರ್ಷದ ಬೆಳೆ

ನಮ್ಮ ಮನೆಯೊಳಗೆ ಒಟಿಪಿ ಬರುವುದಿಲ್ಲ. ತೋಟದ ಮೇಲಿನ ಏರು ಹತ್ತಿ, ಸಿಲ್ವರ್ ಮರದ ಬುಡದಲ್ಲಿ ನಿಂತರೆ ಮಾತ್ರ ಸಿಗ್ನಲ್. ಜುಲೈ ಮಳೆಯಲ್ಲಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಕಾಲಿಗೆ ನಾಲ್ಕೈದು ಜಿಗಣೆ ಹತ್ತಿರುತ್ತವೆ. ಹಾಗೆ ಹೋಗಿದ್ದ ಒಂದು ಸಂಜೆ ಮೆಸೇಜ್ ಬಂತು. ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ 500 ರೂಪಾಯಿ, ಜಿಎಸ್‌ಟಿ 90, ಒಟ್ಟು 590.

ಆ ಕಾರ್ಡನ್ನು ಕೊನೆಗೆ ಬಳಸಿದ್ದು ಹೋದ ಆಗಸ್ಟಿನಲ್ಲಿ, ಕುಶಾಲನಗರದಲ್ಲಿ ಪೆಟ್ರೋಲಿಗೆ.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಮಾಡಿಸಿದ ಕಾರ್ಡು ಅದು. ಒಂದನೇ ತಾರೀಖು ಸಂಬಳ, ಐದಕ್ಕೆ ಬಿಲ್ಲು. ಎರಡೂ ಹೊಂದುತ್ತಿತ್ತು. ತೋಟಕ್ಕೆ ವಾಪಸ್ ಬಂದ ಮೇಲೆ ಆ ಲೆಕ್ಕವೇ ತಪ್ಪಿತು. ರೊಬಸ್ಟಾ ಕಾಫಿ ಕೊಯ್ದು, ಒಣಗಿಸಿ, ಮಾರಿ ದುಡ್ಡು ಕೈಗೆ ಬರುವಾಗ ಫೆಬ್ರವರಿ, ಮಾರ್ಚ್. ಮಧ್ಯೆ ಅಷ್ಟಿಷ್ಟು ಕರಿಮೆಣಸಿನದ್ದು. ಕಾರ್ಡಿನವರು ಜಾಸ್ತಿ ಅಂದರೆ 50 ದಿನ ಕಾಯುತ್ತಾರೆ. ಜುಲೈನಲ್ಲಿ ತೆಗೆದ ಸಾಲಕ್ಕೆ ನಮ್ಮ ಗಿಡ ಉತ್ತರ ಕೊಡುವುದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ವರ್ಷಕ್ಕೆ ನಲವತ್ತೆರಡು ಆಯಿತು, ಅಲ್ವಾ? ಶನಿವಾರದ ಕೂಲಿ ಬಟವಾಡೆ ಹೇಗೂ ನಗದಿನಲ್ಲೇ ಆಗಬೇಕು. ಗೊಬ್ಬರಕ್ಕೆ ಸಹಕಾರ ಸಂಘದ ಬೆಳೆ ಸಾಲ ಇದೆ.

ಕಾರ್ಡು ಮುಚ್ಚಿಸುತ್ತೇನೆ ಎಂದೆ. ಅಮ್ಮ ಬೇಡವೆಂದಳು. "ಆಸ್ಪತ್ರೆಗೆ ಅಂತ ಒಂದು ಇರಲಿ ಮಗಾ."

ಆ ಮಾತಿಗೆ ನಾನು ಕೂಡಲೇ ಏನೂ ಹೇಳಲಿಲ್ಲ. ಮೂರು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ರಾತ್ರಿ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಕೌಂಟರಿನಲ್ಲಿ 60,000 ಅಡ್ವಾನ್ಸ್ ಕೇಳಿದರು. ಜೇಬಿನಲ್ಲಿ ಇದ್ದದ್ದು ಎಂಟು ಸಾವಿರ. ಆ ಕಾರ್ಡು ಉಜ್ಜಿದೆ, ಅಪ್ಪನನ್ನು ಒಳಗೆ ಕರೆದುಕೊಂಡರು. ಬಿಲ್ಲು ಕಟ್ಟುವ ದಿನ ಬಂದಾಗ ಅಮ್ಮನ ಸರ ಅಡವಿಟ್ಟೆ. ಅಂದರೆ ಕಾರ್ಡಿನಿಂದ ನಮಗೆ ಸಿಕ್ಕಿದ್ದು ಮೂರು ವಾರದ ಬಿಡುವು, ಅಷ್ಟೇ. ಆದರೆ ಆ ರಾತ್ರಿ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅಪ್ಪ ಹುಷಾರಾಗಿ ಬಂದು ಇನ್ನೊಂದು ವರ್ಷ ನಮ್ಮ ಜೊತೆ ಇದ್ದರು.

ಭಾವ ಫೋನಿನಲ್ಲಿ ಬೇರೆ ಭಯ ಹಾಕಿದರು. "ಹಳೇ ಕಾರ್ಡು ಮುಚ್ಚಿದ್ರೆ ಸಿಬಿಲ್ ಸ್ಕೋರ್ ಇಳಿಯುತ್ತೆ, ಸುಮ್ನೆ ಇಟ್ಕೋ." ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ಬ್ಯಾಂಕಿನವರು ನೋಡುವ ಅಂಕ ಅದು. ಭಾವನ ಮಾತಿನಲ್ಲಿ ಸುಳ್ಳೇನಿಲ್ಲ, ಸ್ವಲ್ಪ ಇಳಿಯಬಹುದು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ರಿಪೋರ್ಟ್ ತೆಗೆದು ನೋಡಿದೆ. ಒಂದು ಕಂತೂ ತಪ್ಪಿರಲಿಲ್ಲ. ಕಾರ್ಡು ಮುಚ್ಚಿದರೂ ಆ ದಾಖಲೆ ಕೆಲವು ವರ್ಷ ಅಲ್ಲೇ ಇರುತ್ತದೆ. ಹತ್ತಿರದಲ್ಲಿ ದೊಡ್ಡ ಸಾಲ ತೆಗೆಯುವುದಿದ್ದರೆ ನಾನೂ ತಡೆಯುತ್ತಿದ್ದೆ. ನಮಗೆ ಆ ಯೋಚನೆ ಇರಲಿಲ್ಲ.

ಉಳಿದದ್ದು ಅಮ್ಮನ ಭಯ. ಅದಕ್ಕೆ ದಾರಿಯನ್ನೂ ಅವಳೇ ತೋರಿಸಿದಳು. ನಮ್ಮ ಕಡೆ ಮೆಣಸನ್ನು ಚೆನ್ನಾಗಿ ಒಣಗಿಸಿ ಅಟ್ಟಕ್ಕೆ ಹಾಕಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಳಿಗ್ಗೆ ಪೇಟೆಗೆ ಒಯ್ದರೆ ಮಧ್ಯಾಹ್ನಕ್ಕೆ ದುಡ್ಡು. "ಹಾಗಾದ್ರೆ ಎರಡು ಚೀಲ ಮುಟ್ಟಬಾರದು. ರೇಟು ಎಷ್ಟೇ ಏರಲಿ," ಎಂದಳು. ನಾನು ಒಪ್ಪಿದೆ. ರಾತ್ರಿಯ ಹೊತ್ತಿಗೆ ಮೆಣಸು ಮಾರಲಾಗದಲ್ಲ ಅಂತ 20,000 ರೂಪಾಯಿ ಉಳಿತಾಯ ಖಾತೆಯಲ್ಲಿ ಬೇರೆಯೇ ಇಟ್ಟೆವು.

ಮತ್ತೆ ಏರು ಹತ್ತಿದೆ. ಕಸ್ಟಮರ್ ಕೇರ್‌ನ ಹುಡುಗಿ ವರ್ಷಕ್ಕೆ 50,000 ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂದಳು. 590 ಉಳಿಸಲು 50,000 ಖರ್ಚು! ಬೇಡ, ಮುಚ್ಚಿ ಎಂದೆ. ಲೈನು ಬೇರೆಯವರಿಗೆ ಹೋಯಿತು, ಕಟ್ ಆಯಿತು. ಕೊನೆಗೆ ಬಾಕಿ ಇದ್ದ 590 ಕಟ್ಟಿ ಇಮೇಲ್ ಹಾಕಿದೆ. ಬಾಕಿ ಇಲ್ಲದ ಕಾರ್ಡು ಮುಚ್ಚಲು ಕೇಳಿದರೆ 7 ಕೆಲಸದ ದಿನದಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು. 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ಅದನ್ನೂ ಇಮೇಲಿನಲ್ಲಿ ಬರೆದೆ.

ಆರನೇ ದಿನ ಸಿಲ್ವರ್ ಮರದ ಬುಡದಲ್ಲಿ ಮೆಸೇಜ್ ಸಿಕ್ಕಿತು. ಕೆಳಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಏಣಿ ಹತ್ತಿ, ಚೀಲಗಳಿಗೆ ತಣುಪು ತಾಗಿದೆಯಾ ಅಂತ ಕೈಯಿಟ್ಟು ನೋಡುತ್ತಿದ್ದಳು.