ಪಲ್ಲೆಗೆ ಬರೋ ಪಾತರಗಿತ್ತಿ

"ಅದು ಯಕ್ಕಿ ಗಿಡಕ್ಕ ಹೋಗೂದು. ಇದು ನಮ್ಮ ಪಲ್ಲೆಗೆ ಬರೂದು. ಎರಡೂ ಬ್ಯಾರೆ ಬ್ಯಾರೆ."

ಭಾನುವಾರ ಕುಷ್ಟಗಿ ಕಡೆಯ ಹೊಲದಲ್ಲಿ ಅತ್ತೆ ತಲೆ ಎತ್ತದೇ ಹೇಳಿದ ಮಾತಿದು. ನಾಲ್ಕು ದಿನವಾಯ್ತು, ಇನ್ನೂ ಕಿವಿಯಲ್ಲೇ ಇದೆ.

ಬದುವಿನ ಎಕ್ಕದ ಸುತ್ತ ಐದಾರು ಪ್ಲೇನ್ ಟೈಗರ್ ಚಿಟ್ಟೆ ಹಾರುತ್ತಿದ್ದವು. ಕಿತ್ತಳೆ ರೆಕ್ಕೆ, ಕಪ್ಪು ತುದಿ, ಅದರಲ್ಲಿ ಬಿಳಿ ಪಟ್ಟಿ. ನಮ್ಮ ಕಡೆ ಎಲ್ಲಿ ನೋಡಿದರೂ ಇವೇ. ಅಂಥದ್ದೇ ಇನ್ನೊಂದು ನೆಲದ ಹತ್ತಿರ ಸುಳಿದಾಡುತ್ತಿತ್ತು. "ಅದೂ ಸಾದಾದೇ, ಬಿಡಣ್ಣ" ಅಂದ ತಮ್ಮ. ಅಪರೂಪದ್ದು ಅಂತ ಯಾರಾದರೂ ಹೇಳದ ಹೊರತು ಅವನು ಯಾವುದನ್ನೂ ಎರಡನೇ ಸಲ ನೋಡಲ್ಲ. ಒಳ್ಳೆಯ ಹುಡುಗ, ಆದರೆ ಈ ಗುಣ ನನಗೆ ಹಿಡಿಸಲ್ಲ.

ಆಗಲೇ ಅತ್ತೆ ಆ ಮಾತು ಹೇಳಿದ್ದು.

ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಇದಕ್ಕೆ ಮೇಲಂಚಿನಲ್ಲಿ ಒಂದೇ ಒಂದು. ಡನೈಡ್ ಎಗ್‌ಫ್ಲೈ ಅನ್ನೋ ಚಿಟ್ಟೆಯ ಹೆಣ್ಣು! ಎಷ್ಟು ಮಳೆಗಾಲ ಹುಡುಕಿದ್ದೆ ಇದನ್ನು. ಇದರ ಗಂಡು ನೋಡಲು ಪೂರಾ ಬೇರೆ, ಕಪ್ಪು ರೆಕ್ಕೆಗೆ ನೇರಳೆ ಅಂಚಿನ ಬಿಳಿ ಬೊಟ್ಟು. ಹೆಣ್ಣು ಮಾತ್ರ ಈ ವೇಷ ಹಾಕುತ್ತದೆ.

ಪ್ಲೇನ್ ಟೈಗರ್ ಹುಳುವಾಗಿದ್ದಾಗ ತಿಂದ ಎಕ್ಕದ ವಿಷ ಅದರ ಮೈಯಲ್ಲೇ ಉಳಿಯುತ್ತದೆ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಮತ್ತೆ ಆ ಬಣ್ಣದ ಹತ್ತಿರ ಬರಲ್ಲ. ಎಗ್‌ಫ್ಲೈಗೆ ವಿಷ ಇಲ್ಲ, ಬಣ್ಣವೇ ಕಾವಲು. ಆದರೆ ಆ ಕಾವಲು ನಡೆಯಬೇಕಾದರೆ ವಿಷದ ಚಿಟ್ಟೆ ಜಾಸ್ತಿ ಇರಬೇಕು, ವೇಷದ್ದು ಕಡಿಮೆ. ಇಲ್ಲದಿದ್ದರೆ ಹಕ್ಕಿಗೆ ರುಚಿ ಹತ್ತಿಬಿಡುತ್ತದೆ. ಅಂದರೆ ತಮ್ಮ 'ಸಾದಾ' ಅಂದ ಚಿಟ್ಟೆಯ ನೆರಳಲ್ಲೇ ಇದು ಬದುಕಿರೋದು ಅಲ್ವಾ?

ಪಕ್ಕದ ಹೊಲದವರು ಬದುವಿಗೆಲ್ಲ ಕಸದ ಎಣ್ಣೆ, ಅಂದರೆ ಕಳೆನಾಶಕ, ಹೊಡೆಸಿದ್ದಾರೆ. ಎಕ್ಕವೂ ಸುಟ್ಟಿದೆ, ಅತ್ತೆ ಪಲ್ಲೆ ಮಾಡೋ ಗೋಣಿಸೊಪ್ಪೂ ಸುಟ್ಟಿದೆ. ನೋಡಿ ಹೊಟ್ಟೆ ಉರಿಯಿತು. ಅತ್ತೆ ಹೊಡೆಸಲ್ಲ. ಸೊಪ್ಪು ಬೇಕಲ್ಲ ಅವಳಿಗೆ.

"ಪಲ್ಲೆಗೆ ಯಾಕ ಬರ್ತದ ಅತ್ತಿ?" ಅಂತ ಕೇಳಿದೆ. ಗೋಣಿಸೊಪ್ಪಿನ ಒಂದು ಕುಡಿ ತಿರುವಿ ತೋರಿಸಿದಳು. ಕಪ್ಪು ಹುಳ, ಮೈತುಂಬ ಮುಳ್ಳು, ತಲೆ ಮೇಲೆ ಎರಡು ಕೊಂಬು.

"ಇದರ ಮನಿ ಇದು" ಅಂದಳು. ಆ ಬುಡವೊಂದನ್ನು ಬಿಟ್ಟು, ಉಳಿದದ್ದನ್ನು ಕಿತ್ತು ಉಡಿಗೆ ಹಾಕಿಕೊಂಡಳು.