‘ಈ ಬಿಸ್ಲಾಗ ಕೈ ಕೊಡಂಗಿಲ್ಲೇನ್ರಿ?’

ಹಳೇ ಕಾರು ಇಟ್ಟುಕೊಂಡವರಿಗೆ ಬಳ್ಳಾರಿಯ ಪೆಟ್ರೋಲ್ ಬಂಕಿನಲ್ಲಿ ಎರಡು ಪ್ರಶ್ನೆ ತಪ್ಪಿದ್ದಲ್ಲ. ಒಂದು, ‘ಎಷ್ಟು ಕೊಡ್ತದ?’ ಲೀಟರಿಗೆ 10ರಿಂದ 13 ಕಿಲೋಮೀಟರ್, ಮುಗಿಯಿತು. ಇನ್ನೊಂದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ಒಣಗಿದೆ. ಭಾನುವಾರ ನಾಲ್ಕಾರು ಮನೆಯವರು ಹೆರಾಲ್ಡ್, ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾಗಳ ದಂಡು ಕಟ್ಟಿಕೊಂಡು ಕೊಪ್ಪಳ ಜಿಲ್ಲೆಯ ಇಟಗಿಗೋ ಆನೆಗೊಂದಿಗೋ ಹೋಗಿಬರುತ್ತೇವೆ ಎಂದ ಕೂಡಲೇ ಮಡ್‌ಗಾರ್ಡಿನ ಮೇಲೆ ಎರಡು ಏಟು ಬಡಿದು ಕೇಳುತ್ತಾರೆ: ‘ಅಷ್ಟು ದೂರಾ? ಈ ಬಿಸ್ಲಾಗ ಕೈ ಕೊಡಂಗಿಲ್ಲೇನ್ರಿ?’

ಮೊದಲು ಮಡ್‌ಗಾರ್ಡ್ ಬಡಿಯುವುದು ಬಿಡಿ. ಅದು ಎತ್ತಿನ ಬೆನ್ನಲ್ಲ. ಬಣ್ಣದ ಕೆಳಗೆ ಪುಟ್ಟಿ ಹಚ್ಚಿದ ಜಾಗ ಇರುತ್ತದೆ, ಬಿರುಕು ಬಿಡುತ್ತದೆ.

ಆಮೇಲೆ ಈ ‘ಕೈ ಕೊಡುವುದು’ ಎಂಬ ಮಾತು. ಹೇಳದೆ ಕೇಳದೆ ನಡುನೀರಿನಲ್ಲಿ ಬಿಟ್ಟುಹೋಗುವುದಕ್ಕೆ ಕೈ ಕೊಡುವುದು ಅನ್ನುತ್ತಾರೆ. ಸಾಲ ಒಯ್ದ ಗೆಳೆಯ ಕೈ ಕೊಡುತ್ತಾನೆ. ಮುಂಗಾರು ಕೈ ಕೊಡುತ್ತದೆ. ಹಳೇ ಗಾಡಿಯ ಮೇಲೆ ಆ ಮಾತು ಹೊರಿಸಿದರೆ ನಮಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅದು ಹದಿನೈದು ದಿನ ಮೊದಲಿಂದ ಹೇಳುತ್ತಲೇ ಇರುತ್ತದೆ. ವಾರಕ್ಕೆ ಒಂದು ಲೋಟ ನೀರು ಕಡಿಮೆಯಾಗುತ್ತದೆ. ಬೆಳಗ್ಗೆ ಬೆಲ್ಟು ಕಿರ್ರೆನ್ನುತ್ತದೆ. ಪೆಟ್ರೋಲ್ ಫಿಲ್ಟರಿನ ಗಾಜಿನಲ್ಲಿ ಕಪ್ಪು ಪುಡಿ ಕೂರುತ್ತದೆ. ಇದನ್ನೆಲ್ಲ ನೋಡಿಯೂ ನೋಡದಂತೆ ಇದ್ದವರು ಆಮೇಲೆ ಕುಡಿತಿನಿ ದಾಟಿದ ಮೇಲೆ ರಸ್ತೆ ಬದಿ ನಿಂತು ಗಾಡಿಗೆ ಬೈಯುತ್ತಾರೆ.

ಬಿಸಿಲಿನ ಮಾತಿಗೆ ಬರೋಣ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ಬಂದರೆ 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಎಂಜಿನ್ ತಣಿಸಲು ರೇಡಿಯೇಟರಿನಲ್ಲಿ ಓಡಾಡುವ ನೀರು 80-90 ಡಿಗ್ರಿ ಇರುತ್ತದೆ. 42 ಡಿಗ್ರಿಯ ಗಾಳಿಯೂ ಅದಕ್ಕೆ ತಂಪೇ. ನಮ್ಮ ಕಡೆ ಗಾಡಿ ಕುದಿಯುವುದಕ್ಕೆ ಬಿಸಿಲಿಗಿಂತ ದೊಡ್ಡ ಕಾರಣ ಎರಡಿವೆ: ಬೋರಿನ ನೀರು ಮತ್ತು ಕೆಂಪು ಧೂಳು. ಬೋರಿನ ಗಡಸು ನೀರನ್ನು ಕೊಡದಿಂದ ಸುರಿದು ಸುರಿದು ಒಳಗಿನ ತೆಳು ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ, ಚಹಾದಂಗಡಿಯ ಕೆಟಲಿನ ತಳದಲ್ಲಿ ಕಟ್ಟುವಂಥದ್ದೇ. ಹೊರಗಿನಿಂದ ಅದಿರಿನ ಲಾರಿಗಳ ಧೂಳು ರೇಡಿಯೇಟರಿನ ತಗಡಿನ ರೆಕ್ಕೆಗಳ ಸಂದಿನಲ್ಲಿ ಎಣ್ಣೆಯ ಜಿಡ್ಡಿಗೆ ಅಂಟಿ ಕಂಬಳಿಯಾಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನ್ ನಿಂತದ್ದು ಖಚಿತವಾದ ಮೇಲೆ, ರೇಡಿಯೇಟರಿನ ಮುಂಭಾಗಕ್ಕೆ ಅಂಗೈಯನ್ನು ಹತ್ತಿರ ಹಿಡಿದು ಮೇಲಿಂದ ಕೆಳಗೆ ನಿಧಾನವಾಗಿ ತನ್ನಿ. ಎಲ್ಲಿ ಕಾವು ಹತ್ತುವುದಿಲ್ಲವೋ ಅಲ್ಲಿ ಕೊಳವೆ ಕಟ್ಟಿದೆ. ಒಂದೆರಡು ಪಟ್ಟಿಯಾದರೆ ತೊಳೆದರೆ ಸಾಕು, ಅರ್ಧಕ್ಕರ್ಧ ತಣ್ಣಗಿದ್ದರೆ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಕೊಡಬೇಕು. ಹಿತ್ತಾಳೆಯ ಹಳೇ ರೇಡಿಯೇಟರಿನ ಮೇಲಿನ ತೊಟ್ಟಿ ಬಿಚ್ಚಿ ಕೊಳವೆಯೊಳಗೆ ತೆಳು ಪಟ್ಟಿ ಆಡಿಸಿ ಬಿಡಿಸುತ್ತಾರೆ. ಹೊರಗಿನ ಧೂಳನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಸಣ್ಣ ಧಾರೆಯ ನೀರಿನಿಂದ ತಳ್ಳಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಧೂಳು ಇನ್ನೂ ಒಳಗೆ ಹೋಗುತ್ತದೆ, ರೆಕ್ಕೆಗಳೂ ಮಡಚುತ್ತವೆ. ಒಳಗೆ ಮುಂದೆಂದೂ ಬೋರಿನ ನೀರು ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎರಡು ಪಾಲು, ಕೂಲಂಟ್ ಒಂದು ಪಾಲು.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 7 ಪೌಂಡ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರು 110 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಅದರ ರಬ್ಬರ್ ವಾಷರ್ ಸೆಟೆದು ಬಿರುಕು ಬಿಟ್ಟಿದ್ದರೆ 100ಕ್ಕೇ ಉಕ್ಕುತ್ತದೆ. ಅಷ್ಟು ಸಣ್ಣ ವಾಷರಿಗಾಗಿ ಎಂಜಿನ್ನಿನೊಳಗಿನ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡವರಿದ್ದಾರೆ. ಇನ್ನು ‘ನಮ್ಮ ಊರ ಬಿಸ್ಲಿಗೆ ಥರ್ಮೋಸ್ಟಾಟ್ ಯಾಕ್ರಿ’ ಎಂದು ಕಿತ್ತೆಸೆಯುವ ಮೇಸ್ತ್ರಿಗಳಿಗೆ ಕೈಮುಗಿದು ಹೇಳುತ್ತೇವೆ, ಕೀಳಬೇಡಿ. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ಅದಿಲ್ಲದಿದ್ದರೆ ಬೆಳಗಿನ ಹೊತ್ತು ಎಂಜಿನ್ ಬೇಗ ಕಾವಿಗೆ ಬರುವುದಿಲ್ಲ, ಎಂಜಿನ್ ಸಿಲಿಂಡರಿನ ಒಳಗೋಡೆ ಬೇಗ ಸವೆಯುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿ ನೋಡಿ. 82 ಡಿಗ್ರಿಯದಾದರೆ ಅಲ್ಲಿ ಬಾಯಿ ತೆರೆಯಲು ಶುರು ಮಾಡಬೇಕು, ತೆರೆಯದಿದ್ದರೆ ಹೊಸದು ಹಾಕಿ.

ಬಿಸಿಲಿಗೇ ಸಂಬಂಧಪಟ್ಟ ಕಾಟವೂ ಒಂದಿದೆ. ಮೇಸ್ತ್ರಿಗಳು ಅದನ್ನು ಏರ್ ಲಾಕ್ ಅನ್ನುತ್ತಾರೆ, ಒಳಗೆ ತುಂಬುವುದು ಮಾತ್ರ ಗಾಳಿಯಲ್ಲ, ಪೆಟ್ರೋಲಿನ ಆವಿ. ಹಳೇ ಗಾಡಿಗಳ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಬೋಲ್ಟ್ ಆಗಿರುತ್ತದೆ. ಗಾಡಿ ನಿಲ್ಲಿಸಿ ಹತ್ತು ನಿಮಿಷ ಚಹಾ ಕುಡಿದು ಬರುವಷ್ಟರಲ್ಲಿ ಬಾನೆಟ್ ಒಳಗಿನ ಕಾವೆಲ್ಲ ಪಂಪಿಗೆ ಏರಿ ಪೈಪಿನೊಳಗೇ ಪೆಟ್ರೋಲ್ ಕುದಿಯುತ್ತದೆ. ಸೆಲ್ಫ್ ತಿರುಗುತ್ತದೆ, ಗಾಡಿ ಏಳುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಬಾನೆಟ್ ತೆರೆದಿಟ್ಟು ಕಾಲು ಗಂಟೆ ಬಿಡಿ. ಅದಕ್ಕೇ ನಮ್ಮ ನಿಯಮ, ನಿಂತ ತಕ್ಷಣ ಬಾನೆಟ್ ಎತ್ತುವುದು, ಆಮೇಲೆ ಚಹಾ.

ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸಲು ಶುರುವಾದ ಮೇಲೆ ಇನ್ನೊಂದು ಕೆಲಸ ಕಡ್ಡಾಯವಾಗಿದೆ. ಹಳೇ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಂ ಎಂಬ ಪರದೆ ಎಥನಾಲಿಗೆ ಉಬ್ಬಿ, ಒಳಗಿಂದೊಳಗೆ ಕರಗುತ್ತವೆ. ಫಿಲ್ಟರಿನ ಕಪ್ಪು ಪುಡಿ ಅದರದೇ. ಹೊರಗಿನಿಂದ ಪೈಪು ಚೆನ್ನಾಗಿಯೇ ಕಾಣುತ್ತದೆ, ಮಡಚಿ ನೋಡಿದರೆ ಮೈತುಂಬ ಸಣ್ಣ ಬಿರುಕು. ಎಥನಾಲ್ ತಡೆಯುವ ಪೈಪು ಹಾಕಿಸಿ, ಕ್ಲಿಪ್ ಹೊಸದಿರಲಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಬರಿದು ಮಾಡಿ ನಿಲ್ಲಿಸಿ, ಎಥನಾಲ್ ನೀರು ಎಳೆದುಕೊಳ್ಳುತ್ತದೆ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ತಾನೇ ಏಳುವ ಗಾಡಿಗಳೆಲ್ಲ ಏರ್ ಲಾಕ್ ಆದವಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಎಂಬ ಬೆರಳ ತುದಿಯಷ್ಟಿನ ತಗಡಿನ ಡಬ್ಬಿಯೂ ಇದೇ ಆಟ ಆಡುತ್ತದೆ. ಎರಡನ್ನೂ ಬೇರೆ ಮಾಡುವುದು ಹೀಗೆ: ಕಿಡಿಯ ಕರೆಂಟು ಹುಟ್ಟಿಸುವ ಕಾಯಿಲ್‌ನಿಂದ ಬರುವ ನಡುವಿನ ವೈರ್ ತೆಗೆದು, ರಬ್ಬರ್ ಹಿಡಿಯ ಪಕ್ಕಡಿನಲ್ಲಿ ಹಿಡಿದು, ಎಂಜಿನ್ನಿನ ಲೋಹಕ್ಕೆ 5-6 ಮಿಲಿಮೀಟರ್ ದೂರದಲ್ಲಿಟ್ಟು ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ಸೋರಿರಬಾರದು. ನೀಲಿ ಕಿಡಿ ಚಟ್ಟೆಂದು ಹಾರಿದರೆ ಕರೆಂಟು ಸರಿಯಿದೆ, ಪೆಟ್ರೋಲ್ ಕಡೆ ನೋಡಿ. ಹಳದಿ ಬಣ್ಣದ ಬಡಕಲು ಕಿಡಿಯಾದರೆ, ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟು ಕಡಿದು ಕೂಡಿಸುವ ಪಾಯಿಂಟ್ ಮುಖ ಸುಟ್ಟಿದ್ದರೆ, ಕಂಡೆನ್ಸರ್ ಬದಲಾಯಿಸಿ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರಿಗೆ ಹಿಡಿಯಿರಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ‘ಸುಸ್ಸ್’ ಎಂದು ಗಾಳಿ ಒಳಗೆಳೆದರೆ ಕಾಯಿಲೆ ಅದೇ, ಗಾಳಿ ರಂಧ್ರ ಮುಚ್ಚಿದೆ. ಆಗ ಎಲ್ಲ ಬಿಟ್ಟು ಪಿನ್ನು ಹುಡುಕಿ ರಂಧ್ರ ಬಿಡಿಸಿದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾಯಿಸಿ. ಐದು ಜನ ಐದು ವೈರ್ ಎಳೆದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ.

ಹಾಗಾದರೆ ನಡುದಾರಿಯಲ್ಲಿ ನಿಲ್ಲುತ್ತದೆಯೋ ಇಲ್ಲವೋ? ನಿಲ್ಲುತ್ತದೆ. ಯಾವುದೋ ಒಂದು ಗಾಡಿ, ಯಾವತ್ತೋ ಒಂದು ದಿನ. ನಾವು ಹೋಗುವ ಕ್ರಮವೆಲ್ಲ ಅದನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ್ದು. ಆದ್ದರಿಂದ ನೀವು ಕೇಳಬೇಕಾದದ್ದು ‘ಕೊನೇ ಗಾಡಿ ಯಾರದು?’ ಅಂತ. ಇದನ್ನು ಇದುವರೆಗೆ ಯಾರೂ ಕೇಳಿಲ್ಲ.

ಕೊನೆಯಲ್ಲಿ ಬರುವವರು ಕೈ ಕೆಲಸ ಚೆನ್ನಾಗಿ ಬಲ್ಲವರಾಗಿರಬೇಕು, ಅವರ ಗಾಡಿ ಎಲ್ಲಕ್ಕಿಂತ ಗಟ್ಟಿಯಾಗಿರಬೇಕು. ಹೊಸ ಗಾಡಿಯಾದರೂ ಅಡ್ಡಿಯಿಲ್ಲ, ಬೊಲೆರೊ ಆದರೆ ಎಳೆಯಲೂ ಅನುಕೂಲ. ಅದರ ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟು, ರೇಡಿಯೇಟರಿನ ಮೇಲಿನ ಕೆಳಗಿನ ಹೋಸ್, ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಎರಡು ಮೀಟರ್ ಪೆಟ್ರೋಲ್ ಪೈಪು, ಬೈಂಡಿಂಗ್ ವೈರ್, ಬ್ರೇಕ್ ಆಯಿಲ್, ಎರಡು ಲೀಟರ್ ಎಂಜಿನ್ ಆಯಿಲ್, 20 ಲೀಟರ್ ನೀರು. ಹೆರಾಲ್ಡಿನಂಥ ಹಳೇ ಇಂಗ್ಲಿಷ್ ಗಾಡಿಗಳಿಗೆ ಇಂಚಿನ ಪಾನಾ, ಫಿಯಟ್ಟಿಗೆ ಅಂದರೆ ಪದ್ಮಿನಿಗೆ ಮಿಲಿಮೀಟರ್ ಪಾನಾ, ಎರಡೂ ಬೇಕು. ಎಳೆಯುವ ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟಿರುತ್ತದೆ. ಹಗ್ಗವನ್ನು ಚಾಸಿಗೆ ಕಟ್ಟಬೇಕು, ಬಂಪರಿಗೆ ಕಟ್ಟಿದರೆ ಬಂಪರ್ ಒಂದೇ ಮುಂದೆ ಹೋಗುತ್ತದೆ.

ಮುಂದೆ ಹೋಗುವುದು ಎಲ್ಲಕ್ಕಿಂತ ನಿಧಾನದ ಗಾಡಿ. ವೇಗ 50-55. ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿಗೆ ಹೊಣೆ. ತಿರುವು ಬಂದಾಗ ಹಿಂದಿನವರು ಕನ್ನಡಿಯಲ್ಲಿ ಕಾಣುವವರೆಗೆ ತಿರುಗಬಾರದು. ಈ ಒಂದು ನಿಯಮ ಇದ್ದರೆ ಫೋನ್ ಸಿಗದ ಕಡೆಯೂ ಯಾರೂ ತಪ್ಪಿಹೋಗುವುದಿಲ್ಲ. ಒಬ್ಬರು ನಿಂತರೆ ಮುಂದಿನವರಿಗೆ ತಾನೇ ತಿಳಿಯುತ್ತದೆ, ಅವರ ಮುಂದಿನವರಿಗೂ ತಿಳಿಯುತ್ತದೆ. ಅಂಟಿಕೊಂಡು ಹೋಗುವುದೂ ಬೇಡ. ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ನಾಲ್ಕೂ ಡ್ರಮ್ ಬ್ರೇಕು. ಮುಂದಿನ ಹೊಸ ಕಾರು ನಿಂತ ಜಾಗದಲ್ಲಿ ನಿಮ್ಮದು ನಿಲ್ಲುವುದಿಲ್ಲ.

ಬಳ್ಳಾರಿಯಿಂದ 5:30ಕ್ಕೆ ಹೊರಟರೆ ಮೊದಲ ನಿಲುಗಡೆ 30 ಕಿಲೋಮೀಟರಿಗೆ, ತೋರಣಗಲ್ಲಿನ ಆಸುಪಾಸು. ಅಷ್ಟು ಬೇಗ ಯಾಕೆ ಎಂದು ಹೊಸಬರು ಗೊಣಗುತ್ತಾರೆ. ಹಿಂದಿನ ರಾತ್ರಿ ಮಾಡಿದ ರಿಪೇರಿಯ ತಪ್ಪುಗಳೆಲ್ಲ ಹೊರಬೀಳುವುದು ಈ ಮೊದಲ 30 ಕಿಲೋಮೀಟರಿನಲ್ಲೇ. ಇಳಿದು ನಾಲ್ಕೂ ಚಕ್ರದ ನಡುಭಾಗಕ್ಕೆ ಮುಂಗೈ ಹಿಂಬದಿ ತಾಗಿಸಿ ನೋಡಬೇಕು. ಮೂರು ಬೆಚ್ಚಗಿದ್ದು ಒಂದು ಚುರುಕ್ಕೆಂದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಅಲ್ಲಿಂದ ಹೊಸಪೇಟೆ, ಮುನಿರಾಬಾದ್, ಕೊಪ್ಪಳ, ಕುಕನೂರು ಕಡೆಯ ದಾರಿ. ಹುಣ್ಣಿಮೆ ದಿನ ಮಾತ್ರ ಬೇಡ, ಮುನಿರಾಬಾದ್ ಹತ್ತಿರದ ಹುಲಿಗೆಮ್ಮನ ಗುಡಿಯ ಜನಸಾಗರದಲ್ಲಿ ಕ್ಲಚ್ ಸುಡುತ್ತದೆ.

ಹೋಗುವುದು ಅಕ್ಟೋಬರಿನಿಂದ ಫೆಬ್ರವರಿವರೆಗೆ. ಮಳೆ ಬಂದ ಮರುದಿನ ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿಯಬಾರದು. ಸುಗ್ಗಿಯಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ದಯವಿಟ್ಟು ಲಕ್ಷ್ಯಕೊಟ್ಟು ಓದಿ. ಕೊಪ್ಪಳ, ರಾಯಚೂರಿನ ಒಳದಾರಿಗಳಲ್ಲಿ ರಾಶಿ ಮಾಡಲು ಫಸಲನ್ನು ರಸ್ತೆಗೇ ಹರವಿರುತ್ತಾರೆ. ಲಾರಿ, ಟ್ರ್ಯಾಕ್ಟರ್ ಎತ್ತರ ಇರುತ್ತವೆ, ದಾಟಿಹೋಗುತ್ತವೆ. ಹೆರಾಲ್ಡಿನಂಥ ತಗ್ಗಿನ ಗಾಡಿಯ ಕೆಳಗೆ ಒಣ ಸೊಪ್ಪೆ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಅದರ ಮೇಲೆ ಗಾಡಿ ನಿಲ್ಲಿಸಲೇಬಾರದು. ಒಬ್ಬರು ಇಳಿದು, ‘ಯಜಮಾನ್ರೇ, ಒಂದು ಗಾಲಿ ಹೋಗುವಷ್ಟು ದಾರಿ ಬಿಡ್ರಿ’ ಎಂದರೆ ಅವರೇ ಸರಿಸಿಕೊಡುತ್ತಾರೆ. ನಾಲ್ಕು ಜನ ನೀವೂ ಕೈ ಹಾಕಿ. ದಾಟಿದ ಮೇಲೆ ಬಗ್ಗಿ ಕೆಳಗೆ ನೋಡಿ, ಸಿಕ್ಕಿದ್ದನ್ನು ಕಿತ್ತು ಹೊರಡಿ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಸೀಟಿನ ಹತ್ತಿರವಿರಲಿ, ಡಿಕ್ಕಿಯಲ್ಲಿದ್ದರೆ ಸಿಗುವುದಿಲ್ಲ.

ಇಟಗಿಯ ಮಹಾದೇವ ದೇವಾಲಯ 1112ರದು, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಗಾಡಿಗಳನ್ನು ದೂರವೇ ನಿಲ್ಲಿಸುತ್ತೇವೆ. ಗುಡಿ ಮುಂದೆ ತಂದು ಸಾಲಾಗಿ ಫೋಟೊ ತೆಗೆಯಿರಿ ಎನ್ನುವವರಿಗೆ ಇಲ್ಲ ಎನ್ನುತ್ತೇವೆ. ಆಯಿಲ್ ತೊಟ್ಟಿಕ್ಕದ ಹಳೇ ಗಾಡಿ ಇಲ್ಲ, 900 ವರ್ಷದ ಕಲ್ಲಿನ ಹತ್ತಿರ ಅದರ ಕೆಲಸವಿಲ್ಲ. ಬುತ್ತಿ ಬಿಚ್ಚುವುದು ಮರದ ನೆರಳಲ್ಲಿ: ಖಟಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಬಂದ ಊರವರಿಗೂ ಕೊಡುತ್ತೇವೆ. ಅಲ್ಲಿನ ಹಿರಿಯರು ಬಾನೆಟ್ ಹತ್ತಿರ ಬಂದು ಹೇಳುವ ಮಾತುಗಳಿಗಾಗಿಯೇ ಅಷ್ಟು ದೂರ ಹೋಗಬಹುದು. ಇಂಥದೇ ಗಾಡಿಯಲ್ಲಿ ದಿಬ್ಬಣ ಬಂದದ್ದು, ದವಾಖಾನೆಗೆ ಹೋದದ್ದು, ಎಲ್ಲ ಅವರಿಗೆ ನೆನಪಿರುತ್ತದೆ.

‘ಇದ್ರಾಗ ಸ್ಪೋರ್ಟ್ಸ್ ಕಾರ್ ಯಾವ್ದೈತ್ರಿ?’ ಎನ್ನುವವರು ಹೆರಾಲ್ಡನ್ನು ನೋಡಿ. ಇಟಲಿಯ ವಿನ್ಯಾಸಗಾರ ಮಿಕೆಲೊಟ್ಟಿ ಬರೆದ ಆಕಾರ, ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯಲ್ಲಿ ತಯಾರಾದದ್ದು, 948 ಸಿಸಿ. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದು ಹೆರಾಲ್ಡಿನ ಅಂಗಾಂಗಗಳ ಮೇಲೆಯೇ. ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮುಂದಿನ ಟಯರಿನ ಮೇಲೆ ಕೂತು ಆರಾಮಾಗಿ ಪಾಯಿಂಟ್ ಹಿಡಿಯಬಹುದು. ತಿರುವಿನಲ್ಲಿ ಮಾತ್ರ ಜೋರಾಗಿ ಹೋಗಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡಿ, ಹಿಂದಿನ ಚಕ್ರ ಒಳಗೆ ಮಡಚಿಕೊಳ್ಳುತ್ತದೆ.

ಕಾಗದಪತ್ರದ ವಿಷಯ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ‘ವಿಎ’ ಸಾಲಿನ ವಿಂಟೇಜ್ ನಂಬರ್ ಸಿಗುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಆ ನಂಬರಿನ ಗಾಡಿ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕಷ್ಟೇ. ಮನೆಮಂದಿಯೊಡನೆ ಭಾನುವಾರ ಅಡ್ಡಾಡುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಿ.

ವಾಪಸು ಹೊರಡುವುದು ನಾಲ್ಕರ ಮೇಲೆ, ಬಿಸಿಲು ಇಳಿದ ಮೇಲೆ. ಹೊಸಪೇಟೆವರೆಗೆ ಹೋಗುವಾಗಿನ ಸಾಲೇ ಬರುವಾಗಲೂ. ಹೊಸಪೇಟೆ ದಾಟಿದ ಮೇಲೆ ಕತ್ತಲಾಗುತ್ತದೆ, ಹಳೇ ಡೈನಮೊ ಗಾಡಿಗಳ ದೀಪ ಮಂಕು, ಅವನ್ನು ನಡುವೆ ಹಾಕಿಕೊಳ್ಳುತ್ತೇವೆ. ಊರು ಬಂದ ಮೇಲೆ ಒಬ್ಬೊಬ್ಬರೇ ತಮ್ಮ ಓಣಿಗೆ ತಿರುಗುತ್ತಾರೆ. ಕೊನೇ ಗಾಡಿಯವರು ಮಾತ್ರ ಎಲ್ಲರಿಂದ ‘ಮನಿ ಮುಟ್ಟಿದ್ವಿ’ ಎಂಬ ಫೋನ್ ಬರುವವರೆಗೆ ಹಗ್ಗವನ್ನೂ ಪಾನಾ ಚೀಲವನ್ನೂ ಡಿಕ್ಕಿಯಿಂದ ಇಳಿಸುವುದಿಲ್ಲ.